ಅದೇ ಡಬಲ್, ಏಳೇ ಅಂಕಿ

ಈರಪ್ಪಣ್ಣ, ನಾನು, ಶ್ಯಾಮಲಾ... ಅಯ್ಯೋ, ಬಾಗ್ಲು ಹಾಕ್ಬೇಡಿ, ಎರಡೇ ಮಾತು! ತಪ್ಪು ನಿಮ್ ಕೈದಲ್ಲ. ಅದನ್ನ ಹೇಳೋಕೇ ಫ್ಯಾಕ್ಟ್ರಿಯಿಂದ ಸೀದಾ ಬಾಗಲಗುಂಟೆಗೆ, ನಿಮ್ ಮನೆಗೇ ಬಂದೆ. ಆ ಶಾಫ್ಟ್‌ಗಳೆಲ್ಲ ಸಣ್ಣ ಆಗಿದ್ದು ನನ್ ಪ್ರೋಗ್ರಾಮಿಂದ... ಅಲ್ಲ, ನಾನ್ ಬರ್ದಿದ್ದೂ ಸರಿಯಾಗೇ ಇತ್ತು! ನಂಗೂ ಮೋಸ ಆಗಿದೆ ಅಣ್ಣ.

ಯಾಕ್ ನಗ್ತೀರ? ಕೇಳಿ ಇಲ್ಲಿ. ನಿಮ್ ಗ್ರೈಂಡಿಂಗ್ ಮಷೀನಿಗೆ ಹೊಸ ಕಂಟ್ರೋಲ್ ಬೋರ್ಡ್ ಹಾಕಿದ್ವಲ್ಲ, ಅಗ್ಗದ್ದು? "ಹಳೇದು, ಹೊಸದು ಎರಡೂ ಒಂದೇ ಶ್ಯಾಮಲಾ, ಅದೇ ಪ್ರೋಗ್ರಾಮ್ ಹಾಕು" ಅಂದ್ರು ನಮ್ ಮ್ಯಾನೇಜರ್ ರಾಜೇಂದ್ರ ಸಾರ್. ನಂಬಿದೆ. ಅದ್ರಲ್ಲಿ 'ಡಬಲ್' ಅಂತ ಒಂದ್ ಪದ ಇದೆ. ಹಳೇ ಬೋರ್ಡಲ್ಲಿ ಡಬಲ್ ಅಂದ್ರೆ ಹದಿನೈದು ಅಂಕಿ ತಪ್ಪದೆ ಹಿಡಿಯುತ್ತೆ. ಹೊಸದಕ್ಕೆ ಕಂಪೈಲ್ ಮಾಡಿದ್ರೆ, ಅಂದ್ರೆ ಆ ಬೋರ್ಡಿನ ಭಾಷೆಗೆ ತಿರುಗಿಸಿದ್ರೆ, ಅದೇ ಡಬಲ್, ಅದೇ ಸಾಲು... ಏಳೇ ಅಂಕಿ! ಕಂಪೈಲರ್ ಒಂದ್ ಎಚ್ಚರಿಕೆನೂ ಕೊಡ್ಲಿಲ್ಲ ಅಣ್ಣ, ಒಂದೂ! ಉಜ್ಜೋ ಕಲ್ಲು ಎಷ್ಟೆಷ್ಟು ಸರೀತು ಅನ್ನೋದನ್ನೆಲ್ಲ ಮಷೀನು ಬೆಳಗ್ಗೆಯಿಂದ ಕೂಡಿಸ್ತಾ ಹೋಗುತ್ತೆ. ಮೊತ್ತ ದೊಡ್ಡದಾದಂಗೆ ಕೊನೇ ಮೈಕ್ರಾನೆಲ್ಲ ಉದುರೋಗುತ್ತೆ. ಕಲ್ಲು ಇನ್ನೂ ಸಾಕಷ್ಟು ಸರಿದಿಲ್ಲ ಅನ್ಕೊಂಡು ಜಾಸ್ತಿ ಉಜ್ಜುತ್ತೆ. ಅದಕ್ಕೇ ಬೆಳಗ್ಗೆ ಸರಿ, ಊಟ ಆದ್ಮೇಲೆ ತಪ್ಪು. ಸಂಜೆ ಆಫ್ ಮಾಡಿದ್ರೆ ಮತ್ತೆ ಸೊನ್ನೆಯಿಂದ.

ನಮ್ ಆಫೀಸ್ನೋರೋ... "ಮುದ್ದೆ ಉಂಡು ತೂಕಡಿಸ್ತಾನೆ ಮುದುಕ" ಅಂತ ನಿಮ್ಮನ್ನ ಮನೆಗ್ ಕಳಿಸಿದ್ರು. ಇಪ್ಪತ್ತೆರಡು ವರ್ಷದ ಸರ್ವೀಸು!

ಈಗ? ಈಗ ಸರಿಯಾಗಿದೆ... ನಾನೇ ತಿದ್ದಿದೆ. ಸದ್ದಿಲ್ದೆ... ಹೌದು, ಯಾರಿಗೂ ಹೇಳಿಲ್ಲ. "ನೋಡಿ, ಈರಪ್ಪ ಹೋದ, ಶಾಫ್ಟ್ ಸರಿಹೋಯ್ತು" ಅಂತಿದಾರೆ ಎಲ್ರೂ... ಅದೇನಣ್ಣ ಕೈಲಿ? ವಿಚಾರಣೆ ಕಾಗ್ದ... ಹ್ಞೂಂ, ಸಹಿ ನಂದೇ. "ಮಷೀನಲ್ಲಿ ದೋಷ ಇಲ್ಲ." ಅವತ್ತು ಗೊತ್ತಿರ್ಲಿಲ್ಲ ಅಣ್ಣ, ಆಣೆಗೂ...

ಹಂಗ್ ನೋಡ್ಬೇಡಿ. ಬೈದ್ಬಿಡಿ! ಏನಾದ್ರೂ ಅನ್ನಿ...

...ಗೊತ್ತಿತ್ತು.

ವಿಚಾರಣೆ ಹಿಂದಿನ ದಿನಾನೇ ಗೊತ್ತಾಗಿತ್ತು. ಎರಡೂ ಬೋರ್ಡ್ ಪಕ್ಕಪಕ್ಕ ಇಟ್ಟು ಓಡಿಸಿ ನೋಡಿದ್ದೆ. ನನ್ ಪ್ರೊಬೇಷನ್ ಮುಗಿಯೋಕೆ ಇನ್ನ ಹತ್ತೇ ದಿನ ಇತ್ತು ಅಣ್ಣ... ನೀವ್ ಒಳಗೆ ಬರೋಕೆ ಮುಂಚೆನೇ ಸಹಿ ಹಾಕಿದ್ದೆ. ನೀವ್ ಬಂದ್ರಿ, ಕುರ್ಚಿಲೂ ಕೂರ್ಲಿಲ್ಲ. "ನಾನ್ ಹೇಳೋದೇನಿದೆ ಸಾರ್, ಆ ಮಗೂನ್ ಕೇಳಿ, ಅದು ಸುಳ್ಳು ಹೇಳಲ್ಲ" ಅಂದ್ರಿ.

ಎಲ್ರೂ ನನ್ ಕಡೆ ತಿರುಗಿದ್ರು. ನಾನು... ತಲೆನೇ ಎತ್ತಲಿಲ್ಲ.