ಬೀಗ ಹಾಕಿದ ದೇಶ

ಸುಳ್ಳು ಅಂತ ಹೇಳಿ ಮಾವ, ನೋಡೋಣ. ಕಾಫಿಯ ಒಂದು ಗಿಡ ಇಲ್ಲದ ದೇಶ ಕಾಫಿ ಮಾರಿ ಬದುಕ್ತಿದೆ, ಮೆಣಸಿನ ಒಂದು ಬಳ್ಳಿ ಇಲ್ಲದ ದೇಶ ಮೆಣಸು ಮಾರಿ ಮಹಡಿ ಮೇಲೆ ಮಹಡಿ ಕಟ್ಟಿದೆ. ಹಾಲೆಂಡು ಅಂತ ಹೆಸರು. ನಂಬಲ್ಲ ಅಂದ್ರೆ ಗಾಡಿ ಇಲ್ಲೇ ನಿಂತಿದೆ, ನೊಗ ಕೂಡ ಬಿಚ್ಚಿಲ್ಲ, ಈಗಲೇ ಸೋಮವಾರಪೇಟೆಗೆ ಹೊಡ್ಕೊಂಡು ಹೋಗಿ ಸಣ್ಣಸ್ವಾಮೀನ ತಂದು ನಿಮ್ಮೆದುರು ನಿಲ್ಲಿಸ್ತೀನಿ. ಮಿಲಿಟರಿ ಸೇರಿ, ಹಡಗು ಹತ್ತಿ, ಊರೂರಿನ ಬಂದರು ನೋಡಿ ಬಂದವನು ಅವನು... ನಗ್ತಿದೀರಾ? ಇಲ್ಲ. ಮೊರದ ಮೇಲೆ ಬಗ್ಗಿದ್ರಲ್ಲ, ನಗ್ತಿದೀರಿ ಅಂದ್ಕೊಂಡೆ.

ಆರಿಸಿ, ನೀವು ಆರಿಸಿ. ನನಗೋಸ್ಕರ ಏಲಕ್ಕಿ ಕೆಲಸ ನಿಲ್ಲಿಸಬೇಡಿ. ಅಳಿಯ ತಾನೇ, ಹೊರಗಿನವನೇನಲ್ಲ... ಇಲ್ಲೇ ಜಗಲಿ ಅಂಚಿಗೆ ಕೂತ್ಕೋತೀನಿ. ಒಳಗೆ ಬೇಡ. ಬಾಗಿಲಿಂದಲೇ ನಡುಮನೆ ಕಂಬ ಕಾಣತ್ತೆ, ಅತ್ತೆ ಒರಗಿಕೊಂಡು ಕೂರ್ತಿದ್ದ ಕಂಬ. ಅವರು ಹೋದ ಮೇಲೆ ಇವತ್ತೇ ಮೊದಲು ಬರ್ತಿರೋದು ನಾನು. ಗೊತ್ತು ಮಾವ, ಗೊತ್ತು. ಮಣ್ಣಿಗೂ ಬರಲಿಲ್ಲ, ಕಾರ್ಯಕ್ಕೂ ಬರಲಿಲ್ಲ. ಅದು ಯಾಕೆ ಅಂತ ಹೇಳೋಕೇ ಬಂದಿದೀನಿ. ಹೇಳ್ತೀನಿ. ಹೇಳಿ, ಸುಲೋಚನಾನ ಗಾಡೀಲಿ ಕೂರಿಸ್ಕೊಂಡು ಹೊತ್ತು ಮುಳುಗೋದ್ರೊಳಗೆ ನಮ್ಮನೆ ಸೇರ್ತೀನಿ. ಗಾಡಿಗೆ ಹುಲ್ಲು ಹಾಸಿ, ಅದರ ಮೇಲೆ ಹೊಸ ಕಂಬಳಿ ಹಾಕಿದೀನಿ, ಬೇಕಾದ್ರೆ ಎದ್ದು ನೋಡಿ. ಹೆಂಡ್ತಿನ ಹೀಗೆ ಕರ್ಕೊಂಡು ಹೋಗೋ ಗಂಡ ಈ ಸುತ್ತಿನಲ್ಲಿ ಇನ್ನೊಬ್ಬ ಇದಾನಾ, ಹೇಳಿ.

ಮೊರ ಆ ಕಡೆ ತಿರುಗಿಸ್ಕೊಂಡ್ರಿ. ಸರಿ.

ಹಾಲೆಂಡ್ ಮಾತು ಯಾಕೆ ತೆಗೆದೆ ಅಂದ್ರೆ, ಎಲ್ಲ ಅಲ್ಲಿಂದಲೇ ಶುರುವಾಗಿದ್ದು. ಸೋಮವಾರಪೇಟೆ ಕಾಫಿ ಕ್ಲಬ್ಬಲ್ಲಿ ಈಗ ಒಂದೇ ಜಗಳ. ನಮ್ಮ ಕೊಡಗು ರಾಜ್ಯ ಅಂಗೈ ಅಗಲ ಇದೆ, ಮೈಸೂರಿಗೆ ಸೇರಬೇಕಾ, ಬೇರೆಯಾಗಿಯೇ ಇರಬೇಕಾ. ಒಬ್ಬ ಅಂತಾನೆ, ಇಷ್ಟು ಚಿಕ್ಕದಾದ್ರೆ ಯಾರಾದ್ರೂ ನುಂಗಿ ನೀರು ಕುಡೀತಾರೆ ಅಂತ. ಇನ್ನೊಬ್ಬ ಮೇಜು ಗುದ್ದುತಾನೆ. ಆಗ ಸಣ್ಣಸ್ವಾಮಿ ಲೋಟ ಕೆಳಗಿಟ್ಟು, "ಚಿಕ್ಕದು ದೊಡ್ಡದು ಅನ್ನೋದಲ್ಲ ಕಣ್ರೋ, ಬಾಗಿಲು ತೆಗೆದಿದೆಯಾ ಹಾಕಿದೆಯಾ ಅನ್ನೋದು ನೋಡ್ಬೇಕು" ಅಂದ. ಅಂದು ಎರಡು ದೇಶದ ಕಥೆ ಹೇಳಿದ.

ಒಂದು ಹಾಲೆಂಡು. ನೆಲ ತಗ್ಗು, ಸಮುದ್ರ ಮೇಲೆ, ಏರಿ ಕಟ್ಕೊಂಡು ಕೂತಿದಾರಂತೆ ಜನ. ಬೆಳೆಯೋದು ಕಡಮೆ. ಆದ್ರೆ ಯಾರು ಬಂದ್ರೂ ಬಾ ಅಂತಾರೆ, ಯಾರ ಮಾಲಾದ್ರೂ ಇಳಿಸು ಅಂತಾರೆ. ಇವನ ಹತ್ತಿರ ತಗೊಂಡು ಅವನಿಗೆ ಕೊಡ್ತಾರೆ, ಅವನ ಹತ್ತಿರ ತಗೊಂಡು ಇವನಿಗೆ. ಅದರಲ್ಲೇ ತುಂಬಿ ತುಳುಕ್ತಿದಾರೆ... ಈ ಶನಿವಾರಸಂತೇಲಿ ನಿಮ್ಮ ಮನೆ ಇದ್ದಂಗೆ ಅಂದ್ಕೊಳ್ಳಿ. ಬೇಜಾರು ಮಾಡ್ಕೋಬೇಡಿ, ಹೊಗಳ್ತಿದೀನಿ. ನಿಮಗೇನು ದೊಡ್ಡ ತೋಟ ಇದೆಯಾ? ಆದ್ರೂ ಹಾಸನದ ಕಡೆಯವನು ಬಂದ್ರೂ ಈ ಜಗಲಿ, ಮಲಬಾರಿನ ಮಾಪಿಳ್ಳೆ ವ್ಯಾಪಾರಿ ಬಂದ್ರೂ ಈ ಜಗಲಿ.

ಇನ್ನೊಂದು ದೇಶದ ಹೆಸರು ನನ್ನ ನಾಲಿಗೆಗೆ ಬರಲ್ಲ. ಅಲ್ಲಿ ರಾಜ ಒಬ್ಬನದೇ ಮಾತು. ರಾತ್ರಿ ಊರಬಾಗಿಲು ಹಾಕಿ ಬೀಗದಕೈ ತನ್ನ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾನಂತೆ. ಹೊರಗಿನವನು ಬಂದ್ರೆ ಗಡಿಯಿಂದಲೇ ವಾಪಸ್ಸು. ಒಳಗಿನವನು ಹೋಗ್ಬೇಕಾದ್ರೆ ರಾಜನ ಅಪ್ಪಣೆ, ಅದು ಸಿಗೋದಿಲ್ಲ. ನಮಗೆ ಯಾರೂ ಬೇಡ, ನಮ್ಮ ರಾಗಿ ನಾವು ತಿಂತೀವಿ ಅನ್ನೋ ಥರ.

ಕ್ಲಬ್ಬಲ್ಲಿದ್ದವರೆಲ್ಲ ಹಾಲೆಂಡ್ ಕಡೆ ಆದ್ರು. ಎಲ್ಲ ಒಂದು ಕಡೆ ಆದ್ರೆ ಈ ಸಿದ್ದಬಸಪ್ಪ ಇನ್ನೊಂದು ಕಡೆ, ನಿಮಗೆ ಗೊತ್ತಲ್ಲ. ಎದ್ದು ನಿಂತು ಹೇಳಿದೆ, ಗಂಡಸು ಅಂದ್ರೆ ಆ ರಾಜ, ಯಾರ ಮುಂದೂ ಕೈ ಚಾಚದವನು, ಕಂಡವರ ಮಾಲು ಹೊತ್ತು ಮಾರೋದೂ ಒಂದು ಬಾಳಾ ಅಂತ. ಹಿಂದಿನ ಬೆಂಚಿಂದ ಯಾರೋ ಒಬ್ಬ, ಮುಖ ನೋಡಲಿಲ್ಲ ನಾನು, "ನಿನ್ನ ಮೈಮೇಲಿರೋ ಅಂಗಿ ನಿನ್ನ ಹೆಂಡ್ತಿ ಸಂತೇಲಿ ಬೆಣ್ಣೆ ಮಾರಿ ಹೊಲಿಸಿದ್ದಲ್ವೇನೋ" ಅಂದ.

ಎಷ್ಟು ನಕ್ಕರು ಅಂತೀರಿ. ದೋಸೆ ಹುಯ್ಯೋನು ಕೂಡ ಒಳಗಿಂದ ಬಂದು ನಕ್ಕು ಹೋದ.

ನಿಜ ಮಾವ, ಅಂಗಿ ಅವಳು ಹೊಲಿಸಿದ್ದೇ. ಇದೇ ಅಂಗಿ.

ನಾಳೆಯಿಂದ ನನ್ನ ಮನೆ ನೋಡಿ, ಒಂದು ಚೂರು ಬೆಣ್ಣೆ ಹೊರಗೆ ಹೋದ್ರೆ ನಾನು ನಮ್ಮಪ್ಪನಿಗೆ ಹುಟ್ಟಿದವನಲ್ಲ ಅಂತ ಹೇಳಿ ಬಂದೆ. ಉಪ್ಪಿಗೇನು ಮಾಡ್ತೀಯೋ ಅಂತ ಕೂಗಿದ್ರು. ಉಪ್ಪು ನಾನೇ ತರ್ತೀನಿ, ಆ ರಾಜನೂ ತರಿಸ್ತಾನೆ ಅಂದೆ. ಮಾರನೇ ದಿನ ಬೇಲಿ ಬಾಯಿಗಿದ್ದ ಬಿದಿರಿನ ಉಣುಗೋಲು ಕಿತ್ತು ಹಾಕಿ ಹಲಗೆ ಗೇಟು ಕೂರಿಸ್ದೆ. ಸೋಮವಾರಪೇಟೆಯಿಂದ ಬೀಗ ತಂದೆ, ಹಿತ್ತಾಳೆದು. ಬೇಲಿ ಸುತ್ತ ಸೀಗೆಮುಳ್ಳು ತುರುಕಿಸ್ದೆ. ಬಳೆಗಾರ ಬಂದ, ಆಚೆಯಿಂದಲೇ ಒಂದು ಸಲ ಬಳೆ ಮಲಾರ ಕುಲುಕಿ ಹೋದ. ಪಕ್ಕದ ಬೊಳ್ಳಮ್ಮ ಬೇಲಿ ಮೇಲಿಂದ ಮಜ್ಜಿಗೆ ಈಸ್ಕೊಳ್ತಿದ್ದವಳು, ಅವಳಿಗೂ ಇಲ್ಲ ಅಂದೆ. ಬೆಣ್ಣೆ ಕಾಯಿಸಿ ತುಪ್ಪ ಆಯ್ತು. ತುಪ್ಪಕ್ಕೆ ಗಡಿಗೆ ಸಾಲದೆ ಆಯ್ತು. ಕೊನೆಗೆ ನಾಯಿ ಕೂಡ ತುಪ್ಪದ ಅನ್ನ ಮೂಸಿ ಆಚೆ ಹೋಗಿ ಮಲಗ್ತು... ನಗು ಬರಲ್ವಾ ಮಾವ ನಿಮಗೆ? ನಾನು ಇದನ್ನ ಹೇಳಿದ್ರೆ ಎಲ್ಲ ಕಡೆ ನಗ್ತಾರೆ.

ಸುಲೋಚನಾ ನಗಲಿಲ್ಲ. ಅವಳಿಗೆ ಬೆಣ್ಣೆ ದುಡ್ಡಿನ ಚಿಂತೆ ಇರಲಿಲ್ಲ. ಶನಿವಾರ ಬಂದ್ರೆ ಅಮ್ಮ ಮಗಳು ಸಂತೇಲಿ ಒಂದೇ ಗೋಣಿ ಮೇಲೆ ಕೂರ್ತಿದ್ರಲ್ಲ, ಅದು. ಬೆಣ್ಣೆ ಒಯ್ಯಲ್ಲ, ಬರಿಗೈಲಿ ಹೋಗಿ ಅಮ್ಮನ್ನ ನೋಡಿ ಬರ್ತೀನಿ, ಹೋದ ಸಂತೇಲಿ ತುಂಬ ಕೆಮ್ಮುತಿದ್ರು ಅಂದಳು. ಒಂದು ಸಲ ಬಿಟ್ರೆ ಬೀಗ ಯಾತಕ್ಕೆ ಅಂದೆ. ಇನ್ನೊಂದು ಶನಿವಾರ ಬಂತು, ಅವಳು ಕೇಳಲಿಲ್ಲ. ತಲೆ ಬಾಚಿ, ಸೆರಗು ಹೊದ್ದು, ಗೇಟಿನ ಹತ್ತಿರದ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಸಂತೆ ಮುಗಿಯೋ ಹೊತ್ತಿನ ತನಕ ಕೂತಿದ್ದು ಎದ್ದು ಹೋದಳು. ನಾನು ನೋಡಿದೆ. ನೋಡಿಯೂ... ಇರಲಿ.

ಆಮೇಲೆ ನೀವು ನಿಮ್ಮ ಆಳು ಮಾಯಿಲಪ್ಪನ್ನ ಕಳಿಸಿದ್ರಿ.

ಅದನ್ನ ಸರಿಯಾಗಿ ಕೇಳಿ ಮಾವ, ಊರೋರು ಏನೇನೋ ಹೇಳಿರ್ತಾರೆ. ಬೆಳಗ್ಗೆ ಹೊತ್ತು ಏರಿತ್ತು. ಏಲಕ್ಕಿ ಒಣಗಿಸೋ ಗೂಡಿಗೆ ಬೆಂಕಿ ಹಾಕಿದ್ವಿ, ಆ ಬೆಂಕಿ ನೋಡ್ಕೊಳ್ಳೋದು ಸುಲೋಚನಾ ಒಬ್ಬಳಿಗೇ ಬರೋದು. ಸ್ವಲ್ಪ ಹೆಚ್ಚಾದ್ರೆ ಕಾಯಿ ಬಾಯಿಬಿಡತ್ತೆ, ಕಡಮೆಯಾದ್ರೆ ಬಣ್ಣ ಹೋಗತ್ತೆ, ನಿಮಗೆ ನಾನು ಹೇಳಬೇಕಾ. ಗೇಟಿಗೆ ಬಂದು ನಿಂತ ಮಾಯಿಲಪ್ಪ. "ಅಮ್ಮಂಗೆ ಹುಷಾರಿಲ್ಲ, ಮಗಳನ್ನ ಕಳಿಸಬೇಕಂತೆ" ಅಂದ. ಇಷ್ಟೇ ಅಂದಿದ್ದು. ನಿಮ್ಮಾಣೆ ಇಷ್ಟೇ. ಗೂಡಿನ ಬೆಂಕಿ ಆರಿದ ಮೇಲೆ ನಾನೇ ಗಾಡಿ ಕಟ್ಕೊಂಡು ಕರ್ಕೊಂಡು ಬರ್ತೀನಿ ಹೋಗು ಅಂದೆ. ಹುಷಾರಿಲ್ಲ ಅಂದ್ರೆ ಯಾರಾದ್ರೂ ಏನು ತಿಳ್ಕೋತಾರೆ? ಜ್ವರವೋ ನೆಗಡಿಯೋ ಅಂದ್ಕೋತಾರೆ. ಅಂದ್ಕೊಂಡೆ. ತಪ್ಪಾ?

ಮನೆಗೆ ಬಂದವನನ್ನ ಹಾಗೇ ಅಟ್ಟಿದೆ ಅಂತ ಮಾತ್ರ ತಿಳ್ಕೋಬೇಡಿ. ಬೀಗ ಹಾಕಿದ್ರೂ ಮನುಷ್ಯತ್ವಕ್ಕೆ ಬೀಗ ಹಾಕಿರಲಿಲ್ಲ ನಾನು. ಬೀಗ ತೆಗೀತೀನಿ, ಬಾ ಕೂತ್ಕೋ ಅಂದೆ. ಕೂರಲಿಲ್ಲ. ಅಷ್ಟು ದೂರ ನಡೆದು ಬಂದಿದೀಯ ಅಂತ ನಾನೇ ಒಳಗೆ ಹೋಗಿ ಬೆಲ್ಲ ನೀರು ತಂದು ಗೇಟಿನ ಮೇಲಿಂದ ಚಾಚಿದೆ. ಕೈ ಹಿಂದಕ್ಕೆ ಕಟ್ಕೊಂಡ, ಮುಟ್ಟಲಿಲ್ಲ. ಎಷ್ಟು ಹೇಳಿದ್ರೂ ಚೊಂಬು ಮುಟ್ಟಲಿಲ್ಲ ಮಾವ, ನಾನು ಚಾಚಿದ ಕೈ ಚಾಚಿದಂಗೇ...

ಯಾಕೆ?

ಆರಿಸೋದು ಯಾಕೆ ನಿಲ್ಲಿಸಿದ್ರಿ?

ನೀರು ಬೇಡ ಅಂದ. ಅದಕ್ಕೇನೀಗ. ದಾರೀಲಿ ಹಳ್ಳದಲ್ಲಿ ಕುಡಿದಿದ್ದನೇನೋ. ಬಾಯಾರಿಕೆ ಇರಲಿಲ್ಲವೇನೋ... ಹಾಗೆ ನೋಡಬೇಡಿ ಮಾವ. ಬೈಯ್ಯಿರಿ ಬೇಕಾದ್ರೆ. ಕಾಲಲ್ಲಿರೋದು ತೆಗೆದು ಹೊಡೀರಿ, ತಲೆ ಬಗ್ಗಿಸ್ತೀನಿ. ಏನಾದ್ರೂ ಒಂದು ಮಾತಾಡಿ.

ಹೌದು. ಸಾವಿನ ಸುದ್ದಿ ಹೊತ್ತು ಬಂದವನು ಕೂರೋದಿಲ್ಲ. ನೀರು ಮುಟ್ಟೋದಿಲ್ಲ. ಹೋದರು ಅಂತ ಬಾಯಿಬಿಟ್ಟು ಹೇಳೋದೂ ಇಲ್ಲ, ಹುಷಾರಿಲ್ಲ ಅಂತಾನೇ ಹೇಳ್ತಾನೆ. ನೀರು ಬೇಡ ಅಂದ ಅಂದ್ರೆ ಕೇಳಿದವನಿಗೆ ಅರ್ಥ ಆಗತ್ತೆ. ನಮ್ಮ ಕಡೆ ಅದು ಯಾರಿಗೆ ಗೊತ್ತಿಲ್ಲ. ನಮ್ಮಪ್ಪ ಹೋದಾಗ ನಾನೇ ನೆಂಟರ ಮನೆಗಳಿಗೆಲ್ಲ ಹಾಗೇ ಹೇಳಿ, ಹಾಗೇ ನಿಂತು, ಬಾಯಿ ಒಣಗಿಸ್ಕೊಂಡು ಬಂದಿದೀನಿ.

ಗೊತ್ತಾಯ್ತು ಮಾವ. ಅವನು ಕೈ ಹಿಂದೆ ಕಟ್ಕೊಂಡಾಗಲೇ ನನಗೆ ಗೊತ್ತಾಯ್ತು.

ಗೂಡಿನ ಹತ್ತಿರ ಹೋದೆ. ಹೊಗೆಗೆ ಕಣ್ಣು ಕೆಂಪಾಗಿತ್ತು ಅವಳದು. "ಯಾರು ಬಂದಿದ್ದು, ನಮ್ಮೂರ ಕಡೆ ದನಿ ಕೇಳಿಸ್ತು" ಅಂದಳು. ಯಾರೋ ದಾರಿ ತಪ್ಪಿದವನು ಅಂದೆ. ಸೌದೆ ಮುಂದಕ್ಕೆ ತಳ್ಳಿದಳು. ರಾತ್ರಿ ಊಟಕ್ಕೆ ಬಡಿಸಿದಳು, ಉಂಡೆ. ಉಂಡೆ ಮಾವ, ಎರಡನೇ ಸಲ ಅನ್ನ ಹಾಕಿಸ್ಕೊಂಡು ಉಂಡೆ. ಬೆಳಗಾದ್ರೆ ಹೇಳೋಣ ಅಂತ ಇದ್ದೆ... ಇದ್ದೆನಾ? ಗೊತ್ತಿಲ್ಲ. ಬೆಳಗ್ಗೆ ಬೊಳ್ಳಮ್ಮ ಬೇಲಿ ಆಚೆಯಿಂದ ಅಳ್ತಾ ಕೂಗಿ ಹೇಳಿದಳು, ಮಣ್ಣು ಆಗಿಹೋಯ್ತಂತೆ, ನೀನು ಹೋಗಲೇ ಇಲ್ವಲ್ಲೇ ಅಂತ. ಸುಲೋಚನಾ ನನ್ನ ಹತ್ತಿರ ಬೀಗದಕೈ ಕೇಳಲಿಲ್ಲ. ಮುಳ್ಳಿನಲ್ಲೇ ತೂರಿ ಹೋದಳು. ಅವಳ ತೋಳಿನ ಮೇಲಿನ ಗಾಯ ನೀವು ನೋಡಿರ್ತೀರಿ. ಹೆತ್ತ ತಾಯಿಗೆ ಒಂದು ಹಿಡಿ ಮಣ್ಣು ಹಾಕೋಕೆ ಆಗಲಿಲ್ಲ ಅವಳಿಗೆ. ನನ್ನಿಂದ.

ಊರೋರು ನಗ್ತಾರೆ ಅಂತ ಹಾಗೆ ಮಾಡಿದೆ ಅಂತ ನಿಮಗೆ ಹೇಳ್ಬೇಕು ಅಂದ್ಕೊಂಡು ಬಂದಿದ್ದೆ. ದಾರಿಯುದ್ದಕ್ಕೂ ಎತ್ತಿಗೆ ಹೇಳಿ ಹೇಳಿ ಬಾಯಿಪಾಠ ಮಾಡಿದ್ದೆ. ಅದೂ ನಿಜವಲ್ಲ. ಆವತ್ತು ಕ್ಲಬ್ಬಿಂದ ಏಳೋವಾಗ ಸಣ್ಣಸ್ವಾಮೀನ ಕೇಳಿದ್ದೆ, ಆ ರಾಜ ಯಾಕೆ ಒಬ್ಬರನ್ನೂ ಹೊರಗೆ ಬಿಡಲ್ಲ ಅಂತ. "ಹಿಂದೆ ಹೊರಗೆ ಬಿಟ್ಟವರಲ್ಲಿ ಒಬ್ಬನೂ ವಾಪಸ್ಸು ಬಂದಿಲ್ಲವಂತೆ" ಅಂದ. ಹಾಲೆಂಡಿನವರು ಸಮುದ್ರದಾಚೆ ಹೋದ್ರೂ ವರ್ಷ ಬಿಟ್ಟು ಮನೆಗೆ ಬರ್ತಾರಂತೆ, ಯಾರೂ ಕಾವಲು ಕಾಯಬೇಕಾಗಿಲ್ಲವಂತೆ. ಮಾಯಿಲಪ್ಪ ಬೆನ್ನು ತಿರುಗಿಸಿ ಹೋಗ್ತಿದ್ದಾಗ ನನಗೆ ಬಂದಿದ್ದು ಆ ಮಾತು. ಅತ್ತೆ ಹೋದರಲ್ಲ ಅಂತ ದುಃಖ ಬರಲಿಲ್ಲ ಮಾವ. ಈ ಗೇಟು ದಾಟಿದ್ರೆ ಇವಳು ವಾಪಸ್ಸು ಬರಲ್ಲ ಅಂತ ಹೆದರಿಕೆ ಬಂತು. ಇಷ್ಟು ದೊಡ್ಡ ಬಾಯಿಯವನು, ಬೀಗ ಸರಿಯಾಗಿ ಬಿದ್ದಿದೆಯಾ ಅಂತ ಎಳೆದು ನೋಡಿದೆ.

ಗೇಟು ಕಿತ್ತಿದೀನಿ. ಮುಳ್ಳು ಸುಟ್ಟಿದೀನಿ. ಶನಿವಾರ ಶನಿವಾರ ನಾನೇ ಅವಳನ್ನ ಗಾಡೀಲಿ ತಂದು ಬಿಡ್ತೀನಿ, ಅವಳು ಇಲ್ಲೇ ಉಳೀತೀನಿ ಅಂದ್ರೂ... ಉಳೀಲಿ. ಅವಳಿಗೆ ಹೇಳಿ ಮಾವ, ನಿಮ್ಮ ಮಾತು ಕೇಳ್ತಾಳೆ. ಎಲ್ಲ ಕೇಳಿಸ್ಕೊಂಡಿರ್ತಾಳೆ, ಬಾಗಿಲ ಹಿಂದೆ ಅಡುಗೆಮನೆ ತಾನೇ. ಒಲೆ ಮುಂದೆ ಏನೋ ಸದ್ದಾಗ್ತಿದೆ. ಹೊರಡೋಕೆ ಎದ್ದಳಾ?

ಬಂದಳು.

ನಿಮ್ಮ ಕೈಗೆ ಕೊಟ್ಟು ಒಳಗೆ ಹೋದಳಲ್ಲ... ನನ್ನ ಕಡೆ ನೋಡಲಿಲ್ಲ. ಏನು ಮಾವ ಇದು? ನನಗಾ?

ಕೊಡಿ. ಬಾಳೆಲೆ ಇನ್ನೂ ಬಿಸಿ ಇದೆ. ಅಕ್ಕಿರೊಟ್ಟಿ, ಚಟ್ನಿ. ದಾರಿಗೆ ಬುತ್ತಿ, ಒಬ್ಬನಿಗೆ ಆಗೋಷ್ಟು.