ಮುಂದಿನ ಸೀಟು ಯಾರದು

ಎರಡನೇ ಕಾರನ್ನು ಆರಿಸುವುದು ಅಳಿಯನನ್ನು ಆರಿಸುವುದಕ್ಕಿಂತ ಗಹನವಾದ ವಿಷಯ. ಕೋಲಾರದ ಹಳೇ ಗಾಡಿಗಳ ವ್ಯಾಪಾರಿಯ ಅಂಗಳದಲ್ಲಿ ತನ್ನ ಸ್ಕೂಟರ್ ಮಾರಲು ಕಾಯುತ್ತಿದ್ದ ಮುನಿರಾಮಪ್ಪನಿಗೆ ಇದು ತಿಳಿದದ್ದು, ಪಕ್ಕದ ಬೆಂಚಿನಲ್ಲಿ ಕಾಂತರಾಜ್ ಮತ್ತು ಆಶಾರಾಣಿ ಎಂಬ ಗಂಡಹೆಂಡಿರು ಎರಡು ನಾಯಿಗಳನ್ನು ಹಿಡಿದುಕೊಂಡು ಮಾತಿಗೆ ಕೂತಾಗ.

“ತೆಪ್ಪ ಹಿಡಿಸ್ಬೇಕು, ನಾಯಿಗಳೂ ಹಿಡಿಸ್ಬೇಕು. ಭಾನುವಾರ ನರಸಾಪುರದ ಕೆರೆಗೆ ಹೋದ್ರೆ ಮಜಾ ಇರ್ಬೇಕು ಕಣೇ.”

“ನಂಗೆ ಮುಂದಿನ ಸೀಟು ಬೇಕು, ಅಷ್ಟೇ. ಈಗಿರೋ ಕಾರಲ್ಲಿ ನಿಮ್ಮ ನಾಯಿ ಕೆಂಚ ಮುಂದೆ ಕೂರ್ತಾನೆ, ನಾನು ಹಿಂದೆ ತೆಪ್ಪದ ಹುಟ್ಟು ಹಿಡ್ಕೊಂಡು ಕೂರ್ತೀನಿ.”

“ಕೆಂಚಂಗೆ ಹಿಂದೆ ಕೂತ್ರೆ ವಾಂತಿ ಬರುತ್ತೆ.”

“ನಂಗೂ ಬರುತ್ತೆ ರೀ.”

“ನೀನು ಹೇಳಿ ಮಾಡ್ತೀಯ. ಅವನು ಹೇಳಲ್ವಲ್ಲ!”

ಮುನಿರಾಮಪ್ಪ ನಗು ತಡೆಯಲು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ.

ಆಶಾರಾಣಿ ಅಂಗಳದ ಮೂಲೆಗೆ ಕೈ ತೋರಿಸಿದಳು. “ಹಂಗಾದ್ರೆ ಆ ಟೊಮೇಟೊ ಸಾಗಿಸೋ ಟೆಂಪೊ ತಗೊಳ್ಳಿ. ತೆಪ್ಪ, ನಾಯಿ ಎಲ್ಲಾ ಹಿಂದೆ. ಗಾಳಿ ಬಡಿದ್ರೆ ವಾಂತಿನೂ ಬರಲ್ಲ. ಮುಂದೆ ಇರೋದೇ ಎರಡು ಸೀಟು.”

“ಲೋಡ್ ಗಾಡೀಲಿ ನಿಮ್ಮಕ್ಕನ ಮನೆ ಗೃಹಪ್ರವೇಶಕ್ಕೆ ಹೋಗ್ತೀಯಾ?”

“ಮುಂದೆ ಕೂತ್ಕೊಂಡು ಹೋಗ್ತೀನಿ.”

ವ್ಯಾಪಾರ ಕುದುರಿತು. ಟೆಂಪೊ ಗೇಟು ದಾಟುವಾಗ ಆಶಾರಾಣಿ ಮುಂದಿನ ಸೀಟಿನಲ್ಲೇ ಇದ್ದಳು. ಕೆಂಚ ಅವಳ ತೊಡೆಯ ಮೇಲಿದ್ದ.