ಕೆಸ್ಲರನ ಕಾರಿನ ಡಿಕ್ಕಿ

"ಆ ಡಿಕ್ಕಿಯೊಳಗೆ ಒಂದು ನರಪಿಳ್ಳೆ ಕಾಲಿಡಲಿ ನೋಡು ರಾಡ್ನಿ, ಈ ಕಾದ ಎಣ್ಣೆ ತಂದು ನಿನ್ನ ತಲೆ ಮೇಲೆ ಸುರೀತೀನಿ!"

"ಸುರಿ ಅಜ್ಜಿ, ಸುರಿ. ಕೂದಲಂತೂ ಉದುರಿಹೋಗಿದೆ, ಕೆಡೋದೇನೂ ಇಲ್ಲ" ಎಂದು ರಾಡ್ನಿ ಪ್ರೂಯಿಟ್ ಟೋಪಿ ತೆಗೆದು ಬೋಳು ತಲೆ ತೋರಿಸಿದ.

ನಾವೆಲ್ಲ ನಕ್ಕೆವು. ವೆರ್ಲಜ್ಜಿ ನಗಲಿಲ್ಲ. ಪಾಪ್‌ಕಾರ್ನ್ ಹುರಿಯುವ ಯಂತ್ರದ ಹಿಡಿಯನ್ನು ಬಿಟ್ಟು ಸೊಂಟಕ್ಕೆ ಕೈಯಿಟ್ಟು ನಿಂತಳು.

ಅದು ನಮ್ಮ ಪ್ಲಮ್ ಕ್ರೀಕ್ ಊರಿನ ಹೊರಗಿರುವ ಬಯಲು ಸಿನಿಮಾದ ತಿಂಡಿ ಅಂಗಡಿ. ಕಾರಿನಲ್ಲೇ ಕೂತು ಬಿಳಿ ಗೋಡೆಯಂಥ ಪರದೆಯ ಮೇಲೆ ಚಿತ್ರ ನೋಡುವ ಆ ಬಯಲು ಮುಚ್ಚಿ ಎಷ್ಟೋ ಕಾಲವಾಗಿತ್ತು. ಇಂಡಿಯಾನಾದ ಜೋಳದ ಹೊಲಗಳ ನಡುವೆ ಅದರ ಪರದೆ ಹಲಗೆ ಕಿತ್ತುಕೊಂಡು ನಿಂತಿತ್ತು. ರಾಡ್ನಿ ಅದನ್ನು ಕೊಂಡು, ಬಣ್ಣ ಬಳಿದು, ಪೋಸ್ಟರ್ ಅಂಟಿಸಿ, ಈ ಜಗಳದ ಮಾರನೆಯ ದಿನ 'ಹಳೆಯ ದಿನಗಳ ಹಬ್ಬ' ಎಂದು ಊರೆಲ್ಲ ಸಾರಿದ್ದ. ಅವನು ಹುಟ್ಟಿದ್ದೇ ಆ ದಿನಗಳು ಮುಗಿದ ಮೇಲೆ. ಆದರೂ ಅವುಗಳಿಗಾಗಿ ಅವನಷ್ಟು ಅತ್ತವರಿಲ್ಲ. ಅವನಪ್ಪ ಕನಸಲ್ಲೂ ಕೊಳ್ಳಲಾಗದಂಥ ಚರ್ಮದ ಕೋಟು ತೊಟ್ಟು, ಅಪ್ಪನ ಕಾಲ ಚಿನ್ನದಂಥದ್ದು ಎನ್ನುತ್ತಿದ್ದ.

ಮಧ್ಯಾಹ್ನದಿಂದ ಮಳೆ ಹಿಡಿದಿತ್ತು. ಕೆಲಸಕ್ಕೆ ಬಂದಿದ್ದ ನಾವು ಏಳೆಂಟು ಜನ ಅಂಗಡಿಯೊಳಗೆ ಸಿಕ್ಕಿಬಿದ್ದಿದ್ದೆವು. ನನಗೆ ಊರಲ್ಲೊಂದು ಗ್ಯಾರೇಜಿದೆ. ರಾಡ್ನಿ ಯಾವುದೋ ಕೊಟ್ಟಿಗೆಯಿಂದ ಎಳೆದು ತಂದ ಹಳೇ ಕಾರಿನ ಇಂಜಿನ್ನಿಗೆ ಜೀವ ಕೊಟ್ಟವನು ನಾನೇ. ಹಿಂಭಾಗ ರೆಕ್ಕೆಯಂತೆ ಎದ್ದಿರುವ, ಕೆಂಪು ಬಿಳಿಯ ಆ ಕಾರು ಕಿಟಕಿಯ ಹೊರಗೆ, ಸೂರಿನಂಚಿಗೆ ನಿಂತಿತ್ತು. ಹಬ್ಬದ ದಿನ ಅದರ ಡಿಕ್ಕಿಯಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂಬ ಪಂದ್ಯ. ಮೊದಲು ಹತ್ತಿ ಮಲಗುವವಳು ರಾಡ್ನಿಯ ಮಗಳು, ಹದಿನೇಳರ ಕೆಂಡ್ರಾ. ಜಗಳ ಹುಟ್ಟಿದ್ದು ಇಲ್ಲಿಂದ.

"ನಿಮ್ಮ ಕಾಲದಲ್ಲಿ ಎಲ್ಲರೂ ಮಾಡ್ತಿದ್ದರಲ್ಲ ಅಜ್ಜಿ" ಎಂದ ರಾಡ್ನಿ. "ಟಿಕೆಟ್ ಉಳಿಸೋಕೆ ಡಿಕ್ಕೀಲಿ ಕೂತು ಒಳಗೆ ಬರೋದು. ಎಂಥಾ ಮಜಾ! ಬಾಗಿಲಿಗೆ ಬೀಗ ಇಲ್ಲ, ಮಕ್ಕಳು ಬೀದಿ ದೀಪ ಹತ್ತೋವರೆಗೂ ಆಡೋರು, ಯಾರಿಗೂ ಯಾರ ಭಯಾನೂ ಇಲ್ಲ..."

"ಬಾಯ್ಮುಚ್ಚು. ಆ ಕಾಲ ತಿಂದು ಉಂಡವಳು ನಾನು. ನೀನು ಎಂಜಲೆಲೆ ನೆಕ್ತಾ ಊಟದ ರುಚಿ ನನಗೆ ಹೇಳ್ತೀಯಾ?"

ಹೀಗೆಂದವಳೇ ವೆರ್ಲಜ್ಜಿ ಎತ್ತರದ ಸ್ಟೂಲಿನ ಮೇಲೆ ಕೂತಳು. ಎಂಬತ್ತೈದು ದಾಟಿದ ಹೆಂಗಸು. ಹರೆಯದಲ್ಲಿ ಇದೇ ಅಂಗಡಿಯಲ್ಲಿ, ಇದೇ ಯಂತ್ರದ ಹಿಂದೆ ದುಡಿದವಳು. ಕೆಂಡ್ರಾಳ ಕಡೆಗೇ ಮುಖ ಮಾಡಿ ಹೇಳತೊಡಗಿದಳು.

"ಕೇಳು ಮಗಾ. ನೀವೂ ಕೇಳಿ, ಹಲ್ಲು ಕಿರಿಯೋದು ಆಮೇಲೆ. ಆ ಕಾರು ಮೊದಲು ಡ್ವೇನ್ ಕೆಸ್ಲರ್ ಅನ್ನೋನ ಅಪ್ಪಂದು. ಹೊರಗೆ ನೋಡಿದ್ರೆ ಮದುಮಗಳು, ಹೊಟ್ಟೆ ಎಲ್ಲಾ ತುಕ್ಕು... ಚಳಿಗಾಲದಲ್ಲಿ ರಸ್ತೆಗೆ ಸುರೀತಾರಲ್ಲ ಉಪ್ಪು, ಅದನ್ನ ತಿಂದೂ ತಿಂದೂ ಸೈಲೆನ್ಸರ್ ಪೈಪು ಜರಡಿ ಆಗಿತ್ತು. ಶನಿವಾರ ಬಂತೂಂದ್ರೆ ಡ್ವೇನ್, ಅವನ ಗೆಳೆಯರು, ಒಂದಿಬ್ಬರು ಹುಡುಗೀರು ಅದರಲ್ಲಿ ತುಂಬ್ಕೊಂಡು ಇಲ್ಲಿಗೆ ಬರೋರು. ತಲೆಗಿಷ್ಟು ಅಂತ ಟಿಕೆಟ್ಟು. ಹಾಗಾಗಿ ಒಬ್ಬ ಡಿಕ್ಕೀಲಿ. ಯಾವಾಗಲೂ ಒಬ್ಬನೇ... ಲೀಲ್ಯಾಂಡ್ ಫೌಟ್ಸ್. ಯಾಕೆ ಅವನೇ? ಗಾತ್ರದಲ್ಲಿ ಸಣ್ಣವನು, ಅವನವ್ವ ಲಾಂಡ್ರೀಲಿ ಇಸ್ತ್ರಿ ಹಾಕೋಳು, ಆ ದೊಡ್ಡ ಮನೆ ಹುಡುಗರ ಜೊತೆ ಸೇರಿಸ್ಕೊಂಡ್ರೆ ಸಾಕು ಅಂತ ಎಲ್ಲಿ ಬೇಕಾದ್ರೂ ಮಲಗೋನು. ಅದನ್ನ ಸ್ನೇಹ ಅಂತಾರಾ? ನೀವು ಅಂತೀರೇನೋ, ಪೋಸ್ಟರ್ ಮೇಲೆ ಬರೀತೀರಲ್ಲ.

"ಆ ಹುಡುಗ ತಮಾಷೆಗಾರ. ಟಿಕೆಟ್ ಗೂಡಿನ ಹತ್ರ ಕಾರು ನಿಂತ ತಕ್ಷಣ ಒಳಗಿಂದ ಟಕಟಕ ಬಡಿಯೋನು, ಡ್ವೇನನ ಜೀವ ಬಾಯಿಗೆ ಬರಲಿ ಅಂತ. ಸಿನಿಮಾದಲ್ಲಿ ಹಾಡು ಬಂದ್ರೆ ಹಾಡಿಗೆ ತಾಳ ಹಾಕೋನು. ಬಡಿಯೋದು ಅಂದ್ರೆ ಲೀಲ್ಯಾಂಡ್, ಲೀಲ್ಯಾಂಡ್ ಅಂದ್ರೆ ನಗೋದು... ಹಾಗೆ ಅಭ್ಯಾಸ ಆಗೋಗಿತ್ತು ಎಲ್ಲಾರ್ಗೂ.

"ಆಗಸ್ಟ್ ತಿಂಗಳ ಧಗೆ. ಅವತ್ತು ಹೊಸಾ ಚಿತ್ರ, ಹೆದ್ದಾರಿ ತನಕ ಕಾರಿನ ಸಾಲು. ಇಂಜಿನ್ ಆರಿಸದೆ ಇಂಚಿಂಚೇ ತೆವಳ್ಕೊಂಡು ಬಂದ್ರು. ಕಡೇ ಸಾಲಲ್ಲಿ ನಿಲ್ಲಿಸಿ ಡಿಕ್ಕಿ ತೆಗೀಬೇಕು ಅನ್ನೋಷ್ಟರಲ್ಲಿ ಮ್ಯಾನೇಜರು ಟಾರ್ಚು ಹಿಡ್ಕೊಂಡು ಅಲ್ಲೇ ಸುತ್ತುತಾ ಇದ್ದ, ಕಳ್ಳರನ್ನ ಹಿಡಿಯೋಕೆ. ಡ್ವೇನ್ ಏನು ಮಾಡಿದ? ಹಾಯಾಗಿ ಎದ್ದು ನನ್ನ ಹತ್ರ ಪಾಪ್‌ಕಾರ್ನ್ ಕೊಳ್ಳೋಕೆ ಬಂದ! ಇಲ್ಲೇ, ಇದೇ ಕಟ್ಟೆಗೆ ಒರಗಿ, 'ವೆರ್ಲಾ, ನಮ್ಮ ಲೀಲ್ಯಾಂಡ್ ಇವತ್ತು ಡೋಲು ಬಾರಿಸಿದ ಹಾಗೆ ಬಾರಿಸ್ತಿದ್ದಾನೆ, ಕಿವಿ ಹೋಯ್ತು, ಕಿಟಕಿಗೆ ತಗುಲಿಸಿದ ಸ್ಪೀಕರ್ ಜೋರು ಮಾಡ್ಬಿಟ್ವಿ' ಅಂತ ನಕ್ಕ. 'ತೆಗೆಯೋ ಮುಂಡೇದೇ, ಬೆಂದೋಗ್ತಾನೆ' ಅಂದೆ. 'ಬೇಯಲಿ ಬಿಡು, ಮೇಲೆ ಬೆಣ್ಣೆ ಹಾಕೋಣ' ಅಂದ. ಕಾಗದದ ಚೀಲ ಇಸ್ಕೊಂಡು ಶಿಳ್ಳೆ ಹಾಕ್ತಾ ಹೋದ.

"ನಾನು ನೇರ ಮ್ಯಾನೇಜರ್ ಹತ್ರ ಹೋಗಿ ಹೇಳಿದೆ, ಕೆಸ್ಲರ್ ಕಾರಿನ ಡಿಕ್ಕೀಲಿ ಮನುಷ್ಯ ಇದ್ದಾನೆ, ದಂಡ ಹಾಕು, ಬೈಯಿ, ಮೊದಲು ತೆಗೆಸು ಅಂತ. ಹೇಳಿದ್ದು ಸರಿ, ಇವತ್ತಿಗೂ ಅದನ್ನೇ ಹೇಳ್ತೀನಿ. ಟಾರ್ಚು ತಮ್ಮ ಕಡೆ ಬರೋದು ಕಂಡಿದ್ದೇ ಆ ಪುಣ್ಯಾತ್ಮರು ಕಾರು ಚಾಲೂ ಮಾಡಿದ್ರು. ದೀಪ ಆರಿಸ್ಕೊಂಡು ಈ ಸಾಲಿಂದ ಆ ಸಾಲಿಗೆ, ಆ ಸಾಲಿಂದ ಇನ್ನೊಂದಕ್ಕೆ... ಕಣ್ಣಾಮುಚ್ಚಾಲೆ. ಹುಡುಗೀರು ಕಿಸಿಕಿಸಿ ನಗ್ತಿದ್ರಂತೆ. ಹುಡುಕಿ ಹುಡುಕಿ ಮ್ಯಾನೇಜರು ಕೈಬಿಟ್ಟ. ಪೈಪಿನ ಹೊಗೆ ಎಲ್ಲಿಗೆ ಹೋಗ್ತಿತ್ತು? ಹೇಳ್ರೀ, ನೀವೇ ಹೇಳಿ... ಎಲ್ಲಿಗೆ?

"ಬಡಿತ ನಿಂತಿತು. 'ನಿದ್ದೆ ಬಂತು ಮಗುವಿಗೆ' ಅಂದ್ರಂತೆ. ಸಿನಿಮಾ ಪೂರ್ತಿ ನೋಡಿದ್ರು. ಆಮೇಲೆ ಹ್ಯಾಂಬರ್ಗರ್ ಅಂಗಡಿ. ಚಕ್ರದ ಬೂಟು ಹಾಕ್ಕೊಂಡ ಹುಡುಗೀರು ತಟ್ಟೆ ತಂದು ಕಾರಿನ ಕಿಟಕಿಗೆ ಸಿಕ್ಕಿಸೋರು, ನಿಮ್ಮ ಪೋಸ್ಟರಲ್ಲಿದೆಯಲ್ಲ, ಅದೇ ಅಂಗಡಿ. ತಿಂದಾದ ಮೇಲೆ ಒಬ್ಬನಿಗೆ ನೆನಪಾಯ್ತು. ಬಣ್ಣಬಣ್ಣದ ದೀಪದ ಕೆಳಗೆ ಡಿಕ್ಕಿ ತೆಗೆದು, 'ಏಳೋ, ಸಿನಿಮಾ ಮುಗೀತು' ಅಂತ ಕಾಲು ಹಿಡಿದು ಎಳೆದ್ರು...

"ಮುಚ್ಚಳದ ಒಳಗಡೆ ಬಣ್ಣ ಇರಲಿಲ್ಲ. ಉಗುರಲ್ಲಿ ಕೆರೆದು ಬರೀ ತಗಡು ಉಳಿದಿತ್ತು."

ಕೆಂಡ್ರಾ ತೋಳು ಕಟ್ಟಿಕೊಂಡಳು. "ಅದು ಅಪಘಾತ ಅಜ್ಜಿ" ಎಂದ ರಾಡ್ನಿ, ದನಿ ಸ್ವಲ್ಪ ತಗ್ಗಿಸಿ.

"ಹ್ಞೂ, ವಿಚಾರಣೆಗೆ ಬಂದ ಶೆರೀಫನೂ ಅದೇ ಅಂದ. ದೊಡ್ಡ ಮನೆಯೋರ ಮಕ್ಕಳು ಮಾಡಿದ್ರೆ ಅಪಘಾತ. ಹೋಗಲಿ. ಸತ್ತೋನು ಸುಮ್ಮನೇ ಇದ್ದ. ಕಾರು ಯಾರ್‍ಯಾರಿಗೋ ಮಾರಾಟ ಆಯ್ತು, ಯಾರೂ ಏನೂ ಕೇಳಿಸ್ಕೊಳ್ಳಲಿಲ್ಲ. ಆಮೇಲೆ ನಮ್ಮೂರಿಗೆ ಈ ನೆನಪಿನ ರೋಗ ಬಂತು. ನೀನು ಚಡ್ಡಿ ಹಾಕ್ಕೊಂಡಿದ್ದೆ ಆಗ. ಡ್ವೇನಿಗೆ ಹೊಟ್ಟೆ ಬಂದಿತ್ತು, ಜಾಗ ಮಾರೋ ವ್ಯಾಪಾರ, ಊರಿಗೇ ದೊಡ್ಡ ಮನುಷ್ಯ. ಹುಡುಕಿ ಆ ಕಾರು ವಾಪಸ್ ಕೊಂಡ. ಇದೇ ಬಯಲಲ್ಲಿ ಸಂಜೆ ಹೊತ್ತು ಜನ ಸೇರಿಸಿ, ಕಾರಿನ ಡಿಕ್ಕಿಗೆ ಒರಗಿ ಮೈಕು ಹಿಡ್ಕೊಂಡು ಹಳೇ ಕತೆ ಶುರು ಮಾಡಿದ. 'ಡಿಕ್ಕೀಲಿ ಒಬ್ಬ ಗೆಳೆಯನ್ನ ತರ್ತಿದ್ವಿ, ಅವನು ಎಂಥಾ ಸೋಮಾರಿ ಅಂದ್ರೆ ಒಂದಿನ ಮಲಗಿದೋನು ಏಳಲೇ ಇಲ್ಲ!' ಅಂದ. ಜನ ಬಿದ್ದೂ ಬಿದ್ದೂ ನಕ್ಕರು ಕಣ್ರೀ. ಲೀಲ್ಯಾಂಡನ ಅವ್ವ ಇನ್ನೂ ಬದುಕಿದ್ಲು, ಮುಂದಿನ ಸಾಲಲ್ಲೇ ಮಡಚೋ ಕುರ್ಚೀಲಿ ಕೂತಿದ್ಲು. ಅವಳು ಎದ್ದು, ಕುರ್ಚಿ ಮಡಚಿ ಕಂಕುಳಲ್ಲಿ ಇಟ್ಕೊಂಡು ಹೋದ್ಲು.

"ಆಗ... ಟಕ್. ಟಕ್ ಟಕ್.

"ನಾನು ಕೇಳಿದೀನಿ. ಮೈಕಲ್ಲಿ ಬಂತು ಆ ಸದ್ದು, ಪರದೆ ತನಕ ಹೋಗಿ ವಾಪಸ್ ಬಂತು. ಯಾರೋ ತಮಾಷೆ ಮಾಡ್ತಿದ್ದಾರೆ ಅಂತ ಇನ್ನಷ್ಟು ನಗು. ಡ್ವೇನ್ ಮಾತ್ರ ನಗೋದು ನಿಲ್ಲಿಸಿದ. ಮಾರನೇ ದಿನ ಕಾರು ಕಡೇ ಸಾಲಲ್ಲಿ ನಿಂತಿತ್ತು, ಪೆಟ್ರೋಲ್ ಮುಗಿಯೋವರೆಗೂ ಇಂಜಿನ್ ಓಡಿ ಓಡಿ ಆರಿತ್ತು. ಬೀಗದ ಕೈ ಮುಂದುಗಡೆ, ಸ್ಟಿಯರಿಂಗ್ ಹತ್ರ. ಡ್ವೇನ್ ಹಿಂದುಗಡೆ, ಡಿಕ್ಕೀಲಿ... ಹೊರಗಿಂದ ಮುಚ್ಚಿತ್ತು. ಆ ಹೊಟ್ಟೆ ಹೊತ್ಕೊಂಡು ಅವನು ಅದರಲ್ಲಿ ಹಿಡಿದಿದ್ದಾದ್ರೂ ಹೇಗೆ? ಶೆರೀಫ್ ಏನಂದ ಗೊತ್ತಾ? ಹೃದಯಾಘಾತ!"

ಅಜ್ಜಿ ಕೆಂಡ್ರಾಳ ಮಣಿಕಟ್ಟು ಹಿಡಿದಳು. "ನಾಳೆ ನೀನು ಹತ್ತಿ ಮಲಗೋದು ಅಲ್ಲಿ. ಅಪ್ಪ ಮೈಕ್ ಹಿಡಿದು ಜನ ನಗಿಸ್ತಾನೆ. ಹತ್ತುತೀಯಾ?"

"ನಾನು ಹತ್ತಲ್ಲ ಅಪ್ಪಾ" ಎಂದಳು ಕೆಂಡ್ರಾ.

ರಾಡ್ನಿಯ ಮುಖ ಕಾರಿನ ಕೆಂಪಿಗೆ ತಿರುಗಿತು. "ನೋಡಿದೆಯಾ ಮುದುಕಿ, ಮಗುವನ್ನ ಹೆದರಿಸಿಬಿಟ್ಟೆ! ಈ ಊರಲ್ಲಿ ಫ್ಯಾಕ್ಟರಿ ಹೋಯ್ತು, ಅಂಗಡಿ ಬೀದಿ ಹೋಯ್ತು, ಉಳಿದಿರೋದು ನಾಲ್ಕು ಒಳ್ಳೇ ನೆನಪು. ಅದಕ್ಕೂ ಉಗೀತೀಯಲ್ಲ?"

"ನಿನ್ನ ನೆನಪಲ್ಲವಲ್ಲೋ ಅದು, ಉಗಿದ್ರೆ ನಿನಗೇನು?"

"ನಾನೇ ಮಲಗ್ತೀನಿ. ಎಲ್ಲಾರೂ ನೋಡಿ. ಎದ್ದು ಬಂದ ಮೇಲೆ ಈ ಮುದುಕಿ ನನ್ನ ಮಗಳ ಕ್ಷಮೆ ಕೇಳಬೇಕು."

ನಾನು ಅಡ್ಡ ನಿಂತೆ. "ಬಿಡೋ ರಾಡ್ನಿ, ಮಳೇಲಿ ಯಾಕೆ" ಎಂದೆ. ದೆವ್ವಕ್ಕೆ ಹೆದರಿ ಅಲ್ಲ, ಅವನ ಮೊಂಡಾಟ ನೋಡಲಾರದೆ. ಭುಜಕ್ಕೆ ಭುಜ ತಾಗಿಸಿ ನನ್ನನ್ನು ಸರಿಸಿ ಹೊರಗೆ ಹೋದ.

ಕಿಟಕಿಯಿಂದ ಎಲ್ಲರೂ ನೋಡಿದೆವು. ಡಿಕ್ಕಿ ತೆಗೆದ. ಬೀಗದ ಕೈಯನ್ನು ಅದರಲ್ಲೇ ಬಿಟ್ಟ. ನಮ್ಮ ಕಡೆ ತಿರುಗಿ ಬಗ್ಗಿ ಸಲಾಂ ಹೊಡೆದ. ಒಂದು ಕಾಲು, ಇನ್ನೊಂದು ಕಾಲು ಒಳಗಿಟ್ಟು, ಹಾಸಿಗೆಯಲ್ಲಿ ಮಲಗುವಂತೆ ಮಲಗಿ, ತಾನೇ ಮುಚ್ಚಳ ಎಳೆದುಕೊಂಡ.

ಟಕ್. ಟಕ್ ಟಕ್.

"ನೋಡು, ಬಾರಿಸ್ತಾನೆ ಕತ್ತೆ!" ಎಂದು ಒಬ್ಬ ನಕ್ಕ. ಉಳಿದವರೂ ನಕ್ಕರು. ನಾನೂ ನಕ್ಕೆ.

ಕೆಂಡ್ರಾ ಓಡಿದಳು. ಅವಳ ಹಿಂದೆ ನಾನು. ಬೀಗದ ಕೈ ತಿರುವಿ ಮುಚ್ಚಳ ಎತ್ತಿದೆ. ಒಳಗೆ ಒಂದು ಸ್ಟೆಪ್ನಿ ಟೈರು, ನಾನೇ ಹಾಸಿದ್ದ ರಬ್ಬರು ಚಾಪೆ. ಮತ್ತೇನೂ ಇಲ್ಲ. ಇಂಜಿನ್ ಬೆಳಗಿನಿಂದ ಚಾಲೂ ಆಗಿರಲಿಲ್ಲ, ಆದರೂ ಹೊಗೆ ಕಣ್ಣಿಗೆ ಹೊಡೆಯಿತು. ಹಿಂದಿನ ಸೀಟಿನ ಕಡೆ ದಾರಿಯಿಲ್ಲ, ತಗಡಿನ ಗೋಡೆ. ಅದನ್ನು ಬೆಸುಗೆ ಹಾಕಿದವನು ನಾನು. ಸುತ್ತ ಬಯಲು, ಒಂದು ಪೊದೆಯೂ ಇಲ್ಲ. ಬೇರೇನೂ ತೋಚದೆ, ಕಾರಿನಡಿ ಬಗ್ಗಿ ನೋಡಲೆಂದು ಮುಚ್ಚಳ ಹಾಕಿದೆ.

ಒಳಗಿಂದ ಬಡಿತ ಕೇಳಿತು. ತಮಾಷೆಯ ಬಡಿತವಲ್ಲ. ಎರಡೂ ಮುಷ್ಟಿಯಲ್ಲಿ ಬಡಿಯುವ ಬಡಿತ.

"ಅಪ್ಪಾ!" ಎಂದು ಕೆಂಡ್ರಾ ಕಿರುಚಿದಳು. ತೆಗೆದೆ. ಖಾಲಿ. ಮುಚ್ಚಿದೆ. ಬಡಿತ. ತೆಗೆದೆ. ಖಾಲಿ. ಎಷ್ಟು ಸಲ ಹಾಗೆ ಮಾಡಿದೆನೋ, ಹಿಂದಿನಿಂದ ವೆರ್ಲಜ್ಜಿ ಬಂದು ನನ್ನ ಕೈ ಹಿಡಿಯುವವರೆಗೆ.

"ಮುಚ್ಚಬೇಡ ಕಣೋ" ಎಂದಳು. "ಇನ್ನು ಮುಚ್ಚಲೇಬೇಡ. ತೆರೆದಿದ್ರೆ ಉಸಿರಾದ್ರೂ ಆಡ್ತಾನೇನೋ..."

ಪೊಲೀಸರು ಬಂದರು, ಬಯಲು ಜಾಲಾಡಿದರು, ಹೆಂಡತಿಯೊಡನೆ ಜಗಳವಿತ್ತೇ ಎಂದು ಕೇಳಿ ಹೋದರು. ರಾಡ್ನಿ ಬರಲಿಲ್ಲ. ಕಾರು ಇವತ್ತಿಗೂ ಅಲ್ಲೇ, ಡಿಕ್ಕಿ ಬಾಯಿ ತೆರೆದು ನಿಂತಿದೆ. ಅದರೊಳಗೆ ಮಳೆ ನೀರು ನಿಲ್ಲುತ್ತದೆ, ಚಳಿಗಾಲದಲ್ಲಿ ಹಿಮ ತುಂಬುತ್ತದೆ. ಹೊರ ಊರಿನವರು ಹಳೇ ಕಾರೆಂದು ಫೋಟೋ ತೆಗೆಯಲು ಬರುತ್ತಾರೆ. ಬಂದವರೆಲ್ಲ ವೆರ್ಲಜ್ಜಿಯನ್ನು ಕೇಳುವ ಪ್ರಶ್ನೆ ಒಂದೇ, ಇದೆಲ್ಲ ನಿಜವೇ ಎಂದು.

ಅವಳು ಅವರನ್ನು ಮೇಲಿಂದ ಕೆಳಗೆ ನೋಡುತ್ತಾಳೆ.

"ಕೈ ಇದೆಯಲ್ಲ ನಿಮಗೆ? ಹೋಗಿ, ಮುಚ್ಚಿ ನೋಡಿ."